ಈ ದೇಶ, ಆ ದೇಶ, ಗುಂಡಿ ಅತ್ತೆ

ಬ್ಯಾಂಕಿನ ಮ್ಯಾನೇಜರು ಪ್ಯಾಂಟಿಲ್ಲದೆ ಪರದೆಯ ಹಿಂದೆ ನಿಂತಿದ್ದ ಹೊತ್ತಿಗೇ ಎದುರಿನ ಸೈಕಲ್ ಅಂಗಡಿಯ ಟಿವಿಯಲ್ಲಿ ರಾಷ್ಟ್ರಗೀತೆ ಶುರುವಾಗಬೇಕೆ! ಪ್ಯಾಂಟು ನಮ್ಮ ಅತ್ತೆಯ ಕೈಯಲ್ಲಿತ್ತು. ಸೊಂಟ ಬಿಗಿಯಾಯಿತೆಂದು ಮ್ಯಾನೇಜರು ಕೆಲಸಕ್ಕೆ ಹೋಗುವ ದಾರಿಯಲ್ಲಿ ಹಾಗೇ ಅತ್ತೆಯ ಹೊಲಿಗೆ ಅಂಗಡಿಗೆ ನುಗ್ಗಿದ್ದರು. “ಎರಡೇ ನಿಮಿಷ, ಬಿಚ್ಚಿ ಅಗಲ ಮಾಡಿ ಕೊಡ್ತೀನಿ” ಎಂದು ಅತ್ತೆ ಅವರನ್ನು ಮೂಲೆಯ ಪರದೆಯ ಹಿಂದೆ ನಿಲ್ಲಿಸಿದ್ದರು. ಹಾಡು ಕಿವಿಗೆ ಬಿದ್ದದ್ದೇ ತಡ, ಅತ್ತೆ ಮಿಷನ್ನಿನ ಹಿಂದಿನಿಂದ ಚಂಗನೆ ಎದ್ದು ಸೆಟೆದು ನಿಂತರು. ಎದ್ದ ರಭಸಕ್ಕೆ ಭುಜ ತಗುಲಿ, ಪರದೆಯ ದಾರ ಮೊಳೆಯಿಂದ ಕಳಚಿ, ಪರದೆ ನೆಲ ಕಂಡಿತು. ಮೇಲೆ ಇಸ್ತ್ರಿ ಮಾಡಿದ ಅಂಗಿ, ಟೈ; ಕೆಳಗೆ ಸಾಕ್ಸು; ನಡುವೆ ಹೇಳಿಕೊಳ್ಳುವಂಥದ್ದೇನೂ ಇಲ್ಲದ ಮ್ಯಾನೇಜರು.

“ಅಮ್ಮಾ... ಪ್ಯಾಂಟು...”

ಅತ್ತೆ ರೆಪ್ಪೆ ಕೂಡ ಅಲುಗಿಸಲಿಲ್ಲ. ರಾಷ್ಟ್ರಗೀತೆ ನಡೆಯುವಾಗ ಅಲುಗಬಾರದಲ್ಲ. ಮ್ಯಾನೇಜರು ಕೈಗೆ ಸಿಕ್ಕ ಬಟ್ಟೆಯನ್ನು, ಅಂದರೆ ಯಾವುದೋ ಮಗುವಿನ ಅರ್ಧ ಹೊಲಿದ ಫ್ರಾಕನ್ನು, ಎಳೆದುಕೊಂಡು ಅಡ್ಡ ಹಿಡಿದರು. ಹಾಡು ಮುಗಿಯಿತು. ಬದುಕಿದೆ ಎಂದುಕೊಂಡು ಪ್ಯಾಂಟಿಗೆ ಕೈ ಚಾಚಿದರು. ಎರಡನೆಯ ಹಾಡು ಶುರುವಾಯಿತು. ಅವತ್ತು ಫುಟ್‌ಬಾಲ್ ಪಂದ್ಯ ನಡೆದದ್ದು ನಮಗೂ ಹೊಳೆಯಾಚೆಯ ದೇಶಕ್ಕೂ. ಮೊದಲು ಅವರ ಗೀತೆ, ಆಮೇಲೆ ನಮ್ಮದು. ಎರಡು ದೇಶಗಳ ಮಾನ ಉಳಿಯುವಷ್ಟರಲ್ಲಿ ಒಬ್ಬ ಮ್ಯಾನೇಜರರ ಮಾನ ಪೂರ್ತಿ ಹೋಗಿತ್ತು. ಸೈಕಲ್ ಅಂಗಡಿಯ ಮುಂದೆ ನೆರೆದಿದ್ದವರೆಲ್ಲ ಟಿವಿಗೆ ಬೆನ್ನು ಹಾಕಿ ನಿಂತಿದ್ದರು.

“ಎರಡನೇದಕ್ಕೆ ನಿಂತಿದ್ದು ಸರಿ. ಮೊದಲನೇದಕ್ಕೆ ಯಾಕೆ ನಿಂತ್ರಿ ಅತ್ತೆ?” ಎಂದು ಸೈಕಲ್ ಅಂಗಡಿಯವನು ಅಲ್ಲಿಂದಲೇ ಕೂಗಿದ. ನನಗೆ ಅತ್ತೆಯಾದವರು ಬೀದಿಗೆಲ್ಲ ಅತ್ತೆ.

“ಅದಕ್ಕೆ ಕಾಲು ನಿಂತಿದ್ದು ಕಣಪ್ಪ, ಚಿಕ್ಕಂದಿನ ಅಭ್ಯಾಸ. ಎರಡನೇದಕ್ಕೆ ನಾನೇ ನಿಂತೆ.”

“ಅಂದ್ರೆ ಕಾಲು ಆ ದೇಶದ್ದು, ತಲೆ ಈ ದೇಶದ್ದು. ನಡು?”

“ನಡು ಮ್ಯಾನೇಜರದ್ದು. ಇನ್ನೂ ಹೊಲೀಬೇಕು, ಸುಮ್ನಿರು.”

ಬೀದಿ ನಕ್ಕಿತು. ಮ್ಯಾನೇಜರು ನಗಲಿಲ್ಲ, ಅರ್ಧ ಬಿಚ್ಚಿದ ಪ್ಯಾಂಟನ್ನೇ ಕಿತ್ತುಕೊಂಡು ಏರಿಸಿ, ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಸೊಂಟ ಹಿಡಿದು ಹೊರಟೇ ಹೋದರು. ಆಮೇಲೆ ಅತ್ತೆಗೂ ನಗು ನಿಂತಿತು. ಮುಂದಿನ ವಾರವೇ ಅವರ ಪೌರತ್ವದ ಸಂದರ್ಶನ. ಅದಕ್ಕೆ ಗೌರವಸ್ಥರೊಬ್ಬರು ಕೊಟ್ಟ ಸನ್ನಡತೆಯ ಪತ್ರ ಬೇಕಿತ್ತು. ಬೀದಿಗೆ ಗೌರವಸ್ಥರೆಂದಿದ್ದವರು ಈ ಮ್ಯಾನೇಜರೊಬ್ಬರೇ.

ಅತ್ತೆ ಹುಟ್ಟಿದ್ದು ಹೊಳೆಯಾಚೆ. ಅಲ್ಲಿಯೂ ನಮ್ಮದೇ ಮಾತು, ನಮ್ಮದೇ ಮೂಗು. ಬಾವುಟ ಮಾತ್ರ ಬೇರೆ. ನಡುವೆ ಒಂದು ಸೇತುವೆ, ಸೇತುವೆಗೊಂದು ಗೇಟು. ಮಾವ ಆಗ ಆ ಸೇತುವೆ ದಾಟುವ ಬಸ್ಸಿನ ಡ್ರೈವರ್. ಆಚೆ ದಡದ ನಿಲ್ದಾಣದಲ್ಲಿ ಒಮ್ಮೆ ಅಂಗಿಯ ಗುಂಡಿ ಕಿತ್ತುಹೋಗಿ, ಪಕ್ಕದ ಹೊಲಿಗೆ ಅಂಗಡಿಯ ಹುಡುಗಿ ಹಾಕಿಕೊಟ್ಟಳಂತೆ. ಅಂದಿನಿಂದ ಮಾವನ ಅಂಗಿಯ ಗುಂಡಿ ಪ್ರತಿ ಟ್ರಿಪ್ಪಿಗೂ ಕಿತ್ತುಹೋಗತೊಡಗಿತು. “ಹಲ್ಲಲ್ಲಿ ಕಿತ್ತಿದ್ದು ನಂಗೆ ಗೊತ್ತಾಗ್ತಿರಲಿಲ್ವಾ?” ಎಂದು ಅತ್ತೆ ಈಗಲೂ ಕೆಣಕುತ್ತಾರೆ. ಗುಂಡಿಯಿಂದ ಶುರುವಾದದ್ದು ಗುಂಡಿಗೆಗೆ ಮುಟ್ಟಿ, ಅತ್ತೆ ಅದೇ ಬಸ್ಸಿನಲ್ಲಿ ಈಚೆ ದಡಕ್ಕೆ ಬಂದಿಳಿದರು. ಮನೆಯ ಮುಂದಿನ ಕೋಣೆ ಅಂಗಡಿಯಾಯಿತು: ಕಾಲಲ್ಲಿ ತುಳಿಯುವ ಮಿಷನ್ನು, ಬಿಸ್ಕತ್ತಿನ ಡಬ್ಬಿಯ ತುಂಬ ಗುಂಡಿ, ಕಿಟಕಿಯ ಸರಳಿಗೆ ನೇತುಬಿಟ್ಟ ದಾರದ ಉಂಡೆಗಳು, ಬಾಯಿಯಲ್ಲಿ ಸದಾ ನಾಲ್ಕು ಗುಂಡುಸೂಜಿ. ಹೊರಗೆ ನಮ್ಮ ರಸ್ತೆ. ಅದರಲ್ಲಿ ಗುಂಡಿ ಹೆಚ್ಚಿದಷ್ಟೂ ಓಡಾಡುವವರ ಅಂಗಿಯಲ್ಲಿ ಗುಂಡಿ ಕಡಿಮೆಯಾಗುತ್ತಿತ್ತು. ಒಟ್ಟಿನಲ್ಲಿ ಹೆಸರು ಗುಂಡಿ ಅತ್ತೆ ಎಂದೇ ಗಟ್ಟಿಯಾಯಿತು.

ನಮ್ಮ ಬೀದಿಗೆ ಅದರದೇ ವ್ಯಾಕರಣವಿದೆ. ಫುಟ್‌ಬಾಲ್ ಗೆದ್ದ ದಿನ ಎಲ್ಲರದೂ “ನಮ್ಮ ದೇಶ”. ಉಳಿದ ದಿನ “ಈ ದೇಶ”. ನಲ್ಲಿಯಲ್ಲಿ ನೀರಿಲ್ಲ, ಈ ದೇಶ. ಕರೆಂಟು ಹೋಯಿತು, ಈ ದೇಶ. ಸ್ವಂತ ಚಪ್ಪಲಿಯ ಉಂಗುಷ್ಠ ಕಿತ್ತರೂ ಈ ದೇಶವೇ. ಬೈಗುಳದಲ್ಲಿ ಮಾವನನ್ನು ಮೀರಿಸುವವರಿಲ್ಲ. ಬಸ್ಸು ಬಿಟ್ಟು ಶಾಲೆಯ ವ್ಯಾನು ಓಡಿಸತೊಡಗಿದ ಮೇಲೂ ಬೆಳಗ್ಗೆ ಇಂಜಿನ್ನಿಗೆ ಮುನ್ನ ಬಾಯಿಯೇ ಸ್ಟಾರ್ಟಾಗುತ್ತದೆ: “ಈ ದೇಶ ಉದ್ಧಾರ ಆಗಲ್ಲ!”

ಅತ್ತೆ ಒಬ್ಬರೇ ಬೇರೆ. ಅವರು ಹೇಳುತ್ತಿದ್ದದ್ದು “ನಿಮ್ಮ ದೇಶ”. ನಿಮ್ಮ ದೇಶದ ಗಾಳಿ ಎಷ್ಟು ಒಳ್ಳೇದು. ನಿಮ್ಮ ದೇಶದ ಜನ ಎಷ್ಟು ಒಳ್ಳೆಯವರು. ಕರೆಂಟು ಹೋದರೆ “ಕಣ್ಣಿಗೆ ರೆಸ್ಟು” ಎನ್ನುತ್ತಿದ್ದರು. ನೀರು ಬರದಿದ್ದರೆ “ನಾಳೆ ಬರತ್ತೆ ಬಿಡಿ” ಎನ್ನುತ್ತಿದ್ದರು. ಮಾವನ ಬಾಯಿ ಮುಚ್ಚಿಸುತ್ತಿದ್ದದ್ದೂ ಅವರೇ: “ರೀ, ಮೆತ್ತಗೆ. ಯಾರಾದ್ರೂ ಕೇಳಿಸಿಕೊಂಡಾರು.” ದೇಶಪ್ರೇಮ ಕಲಿಯಬೇಕಾದರೆ ಹೊರಗಿನವರಿಂದಲೇ ಕಲಿಯಬೇಕು ಎಂದು ನಾವೆಲ್ಲ ತಲೆದೂಗುತ್ತಿದ್ದೆವು. ತಲೆದೂಗಿದ ಮೇಲೆ ಮತ್ತೆ ಬೈಯಲು ಕೂರುತ್ತಿದ್ದೆವು.

ನಮ್ಮ ಮಾತಿನಲ್ಲಿ ಪರದೇಶಿ ಎಂದರೆ ಬೇರೆ ದೇಶದವನೂ ಹೌದು, ದಿಕ್ಕುದೆಸೆ ಇಲ್ಲದವನೂ ಹೌದು. ಅತ್ತೆಗೆ ದಿಕ್ಕಿಗೇನೂ ಕೊರತೆಯಿರಲಿಲ್ಲ. ಆದರೂ ಆ ದೇಶದವರು ಎಂಬ ಕಾರಣಕ್ಕೆ ವರ್ಷವರ್ಷವೂ ಈ ದೇಶದಲ್ಲಿರಲು ಒಂದು ಆದೇಶ ಬೇಕಾಗುತ್ತಿತ್ತು. ಕಚೇರಿಯಲ್ಲಿ “ಇತರರು” ಎಂದು ಬರೆದ ಕಿಟಕಿಯ ಮುಂದೆ ನಿಂತು ತರುತ್ತಿದ್ದರು. ಮೂವತ್ತು ವರ್ಷ ಮಾವನಲ್ಲಿ ಒಂದು ಒಡವೆಯನ್ನೂ ಕೇಳದವರು ಈ ಸಲ ಊಟದ ತಟ್ಟೆ ಪಕ್ಕಕ್ಕೆ ಸರಿಸಿ ಹೇಳಿದರು: “ನಾನು ಪ್ರಜೆ ಆಗ್ಬೇಕು.” ನಿಯಮ ಕಟ್ಟುನಿಟ್ಟು. ಸಂದರ್ಶನದಲ್ಲಿ ಫೇಲಾದರೆ ಐದು ವರ್ಷ ಮತ್ತೆ ಅರ್ಜಿ ಹಾಕುವಂತಿಲ್ಲ. “ಐದು ವರ್ಷ ಕಳೆದ್ರೆ ನಂಗೆ ಸೂಜಿ ಕಣ್ಣೇ ಕಾಣಲ್ಲ, ಇನ್ನು ಆಫೀಸರ್ ಎಲ್ಲಿ ಕಾಣ್ತಾರೆ?” ಎಂದರು. ನಗುತ್ತಲೇ ಅಂದರೂ ತಟ್ಟೆಯನ್ನು ಮತ್ತೆ ಹತ್ತಿರ ಎಳೆದುಕೊಳ್ಳಲಿಲ್ಲ.

ಮೊದಲು ಮ್ಯಾನೇಜರನ್ನು ಸರಿಮಾಡಬೇಕಿತ್ತು. ಪರದೆ ಬಿದ್ದ ಮಾರನೆಯ ದಿನ ಅತ್ತೆ ಹೊಸ ಪ್ಯಾಂಟಿನ ಬಟ್ಟೆ ಹಿಡಿದು, ನನ್ನನ್ನು ಜೊತೆ ಮಾಡಿಕೊಂಡು ಬ್ಯಾಂಕಿಗೆ ಹೋದರು. ಕ್ಯಾಷಿಯರ್ ಹುಡುಗಿ ನಮ್ಮನ್ನು ಕಂಡು ಕೌಂಟರಿನ ಕೆಳಗೆ ಬಗ್ಗಿ ನಕ್ಕಳು. ಮ್ಯಾನೇಜರು ಕುರ್ಚಿಯಿಂದ ಏಳಲಿಲ್ಲ. ಪ್ಯಾಂಟು ಇನ್ನೂ ಅದೇ ಇದ್ದಿರಬೇಕು.

“ತಪ್ಪಾಯ್ತು ಸಾರ್. ಹಾಡು ಕೇಳಿದ ಮೇಲೆ ನಂಗೆ ಬೇರೇನೂ ಕಾಣಲಿಲ್ಲ.”

“ನಿಮಗೆ ಕಾಣಲಿಲ್ಲ ಅಮ್ಮ. ಬೀದಿಗೆಲ್ಲ ಕಾಣಿಸ್ತಲ್ಲ!” ಎಂದರು ಮ್ಯಾನೇಜರು. ಅತ್ತೆ ತಂದ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ, ಕಾಗದ ಎಳೆದುಕೊಂಡರು. “ರಾಷ್ಟ್ರಗೌರವದ ವಿಷಯದಲ್ಲಿ ಇವರಿಗೆ ಸಮನಾದವರನ್ನು ಕಂಡಿಲ್ಲ. ಇದಕ್ಕೆ ಸ್ವತಃ ನಾನೇ ಸಾಕ್ಷಿ” ಎಂದು ಬರೆದು ಸಹಿ ಮಾಡಿದರು. ಅಂಥ ಅನುಭವದ ಮಾತು ಯಾವ ಸನ್ನಡತೆಯ ಪತ್ರದಲ್ಲೂ ಬಂದಿರಲಾರದು.

ಪಾಠ ಹೇಳುವ ಕೆಲಸ ಕಾನ್ವೆಂಟಿನಲ್ಲಿ ಓದಿದ ತಪ್ಪಿಗೆ ನನಗೆ ಬಿತ್ತು. ಮಿಷನ್ನಿನ ಟಕಟಕ ತಾಳಕ್ಕೆ ಅತ್ತೆ ನದಿಗಳನ್ನು ಉರುಹೊಡೆದರು. ದೇಶದ ಉದ್ದ ಅಗಲ ಹೇಳಿಕೊಟ್ಟಾಗ “ಅಷ್ಟೇನಾ? ಒಳಗೆ ಸ್ವಲ್ಪ ಬಟ್ಟೆ ಬಿಟ್ಟಿದಾರಾ, ಮುಂದೆ ಅಗಲ ಮಾಡೋಕೆ?” ಎಂದು ಕೇಳಿದರು. ಮಾವ ಬಾಗಿಲಿಗೊರಗಿ ಪಾಠ ಕೆಡಿಸುತ್ತಿದ್ದರು.

“ಸಂವಿಧಾನ ಅಂದ್ರೇನು ಅತ್ತೆ?”

“ಎಲ್ಲಾ ನಿಧಾನವಾಗಿ ಮಾಡೋದು,” ಎಂದರು ಮಾವ.

“ರೀ! ನೀವು ಹೊರಗೆ ಹೋಗಿ.”

“ರಾಷ್ಟ್ರಪಕ್ಷಿ ಯಾವುದು?”

“ಪಕ್ಷಿನೋ ಪಕ್ಷನೋ? ಹಾರೋದ್ರಲ್ಲಿ ಎರಡೂ ಒಂದೇ ಕಣೋ,” ಎಂದರು ಮಾವ, ಹೊರಗಿನಿಂದಲೇ.

ಕೊನೆಯ ಪ್ರಶ್ನೆ ಎಲ್ಲರಿಗೂ ಗೊತ್ತಿದ್ದದ್ದೇ: ನೀವು ಯಾಕೆ ಈ ದೇಶದ ಪ್ರಜೆಯಾಗಬೇಕು? ಇದಕ್ಕೆ ಉತ್ತರ ನಾನೇ ರಚಿಸಿದೆ: “ಈ ಮಣ್ಣಿನ ಕಣಕಣದಲ್ಲೂ ನನ್ನ ಉಸಿರಿದೆ.” ಮಾವ ಕೇಳಿ ತಿದ್ದಿದರು: “ತಿರುಗಾಮುರುಗಾ ಆಯ್ತು. ಉಸಿರಲ್ಲಿ ಮಣ್ಣಿದೆ. ರಸ್ತೆ ಧೂಳು ನೋಡಿದೀಯಾ?” ಅತ್ತೆ ಮಾತ್ರ ನನ್ನ ವಾಕ್ಯವನ್ನು ಕಣ್ಣು ಮುಚ್ಚಿ, ಗುಂಡುಸೂಜಿ ಕಚ್ಚಿಕೊಂಡೇ ಹೇಳಿ ಹೇಳಿ, ಕಡೆಗೆ “ಉಸಿರಿದೆ” ಎನ್ನುವಾಗ ಸೂಜಿಯೊಂದು ಹಾರಿ ನನ್ನ ಮೊಣಕೈಗೆ ಚುಚ್ಚುವವರೆಗೂ ಬಿಡಲಿಲ್ಲ.

ಸಂದರ್ಶನದ ದಿನ ಬೀದಿಗೆ ಬೀದಿಯೇ ಎದ್ದುಬಿಟ್ಟಿತ್ತು. ಶಾಲೆಯ ವ್ಯಾನಿನ ತುಂಬ ಜನ. ಸೈಕಲ್ ಅಂಗಡಿಯವನು ಕದ ಹಾಕಿ ಬಂದಿದ್ದ. ಹೊಸ ಪ್ಯಾಂಟಿನ ಮ್ಯಾನೇಜರು ಮುಂದಿನ ಸೀಟಿನಲ್ಲಿ ಗತ್ತಿನಿಂದ ಕೂತಿದ್ದರು. ಅತ್ತೆ ಎರಡು ಕೈಯಲ್ಲೂ ಫೈಲು ಅಪ್ಪಿಕೊಂಡಿದ್ದರು, ತುಟಿ ಪಿಟಿಪಿಟಿ ಎನ್ನುತ್ತಿತ್ತು. ವ್ಯಾನು ಮೊದಲ ಗುಂಡಿಗೆ ಇಳಿದೊಡನೆ ಮಾವ ಬಾಯಿ ತೆರೆದರು.

“ಇವತ್ತೊಂದು ದಿನ ಬೇಡ ರೀ. ಅಪಶಕುನ.”

ಮಾವ ಬಾಯಿ ಮುಚ್ಚಿಕೊಂಡು, ಬೈಗುಳವನ್ನೆಲ್ಲ ಹಾರನ್ನಿಗೆ ಸುರಿದರು. ದಾರಿಯುದ್ದಕ್ಕೂ ನಮ್ಮ ವ್ಯಾನು ಅಷ್ಟು ಒದರಿದ್ದು ಅದೇ ಮೊದಲು. ಯಾರದೋ ಗೆಲುವಿನ ಮೆರವಣಿಗೆ ಇರಬೇಕೆಂದು ಜನ ಬಾಗಿಲಿಗೆ ಬಂದು ಕೈ ಬೀಸಿದರು, ನಾವೂ ಬೀಸಿದೆವು.

ಕಚೇರಿಯಲ್ಲಿ ಪ್ಲಾಸ್ಟಿಕ್ ಕುರ್ಚಿ, ಗೋಡೆಯ ಮೇಲೆ ಕೆಂಪು ಅಂಕಿಯಲ್ಲಿ ಟೋಕನ್ ನಂಬರು, ತಿರುಗಲೋ ಬೇಡವೋ ಎಂದು ಯೋಚಿಸುವ ಫ್ಯಾನು. ಅತ್ತೆಯ ನಂಬರು ಬಂದಾಗ ಅವರ ಮುಖ ಬಿಳಿಚಿತು. “ಪ್ರಜೆ ಆಗೋ ಮೊದಲೇ ಪ್ರಜ್ಞೆ ತಪ್ಪಬೇಡ ಮಾರಾಯ್ತಿ,” ಎಂದು ಮಾವ ಮೆಲ್ಲಗೆ ಅವರ ಬೆನ್ನು ಸವರಿದರು. ಮಾವನ ಕೈಯೂ ತಣ್ಣಗಿತ್ತೆಂದು ಅತ್ತೆ ಆಮೇಲೆ ಹೇಳಿದರು.

ಒಳಗೆ ಜೊತೆಗೆ ಒಬ್ಬರಿಗೆ ಮಾತ್ರ ಅವಕಾಶ. ಪಾಠ ಹೇಳಿದವನೆಂದು ನನ್ನನ್ನೇ ತಳ್ಳಿದರು. ಅಧಿಕಾರಿ ಕನ್ನಡಕದ ಮೇಲಿಂದ ನೋಡುವ ಜಾತಿ. ಮ್ಯಾನೇಜರರ ಪತ್ರ ಓದಿ “ಸ್ವತಃ ಸಾಕ್ಷಿ ಅಂದ್ರೆ?” ಎಂದರು.

“ಅದು... ಹೇಳೋ ಹಾಗಿಲ್ಲ ಸಾರ್,” ಎಂದರು ಅತ್ತೆ.

ಪುಣ್ಯಕ್ಕೆ ಅಧಿಕಾರಿ ಮುಂದೆ ಹೋದರು. ನದಿಗಳ ಹೆಸರು ಕೇಳಿದರು, ಅತ್ತೆಯ ಕಾಲು ಮೇಜಿನ ಕೆಳಗೆ ಮಿಷನ್ ತುಳಿಯಿತು, ನದಿಗಳು ಸಾಲಾಗಿ ಹರಿದವು. ಪಕ್ಷಿ ಕೇಳಿದರು, ಪಕ್ಷ ಬರಲಿಲ್ಲ. ಸಂವಿಧಾನ ಕೇಳಿದರು, ನಿಧಾನವಾಗಿಯೇ ಆದರೂ ಸರಿಯಾಗಿ ಬಂತು. ಆಮೇಲೆ ಅಧಿಕಾರಿ ಹಿಂದಕ್ಕೊರಗಿ, “ರಾಷ್ಟ್ರಗೀತೆಯ ಮೊದಲ ಸಾಲು ಹೇಳಿ” ಎಂದರು.

ಅತ್ತೆಯ ಒಳಗಿದ್ದದ್ದು ಎರಡು ಹಾಡು. ಯಾವುದು ಮೊದಲು ಬಾಯಿಗೆ ಬರುತ್ತದೋ ದೇವರೇ ಬಲ್ಲ. ಅತ್ತೆ ಎದ್ದು ನಿಂತರು. ಕಾಲು ನೋಡಿಕೊಂಡರು. ಒಂದರ ಮೇಲೊಂದು ಗಟ್ಟಿಯಾಗಿ ಒತ್ತಿ, ಅವಕ್ಕೆ ಮಾತನಾಡಲು ಬಿಡದವರ ಹಾಗೆ, ತಲೆಯೆತ್ತಿ ಹಾಡಿದರು. ನಮ್ಮದೇ! ಮೊದಲ ಸಾಲಿಗೆ ನಿಲ್ಲಲಿಲ್ಲ, ಎರಡನೆಯದು, ಮೂರನೆಯದು. ಹೊರಗಿದ್ದ ನಮ್ಮವರು ಹಾಡು ಕೇಳಿ ತಾವೂ ದನಿ ಸೇರಿಸಿದರು. ಸೇರಿಸಿದ ಮೇಲೆ ಕಚೇರಿಯವರೆಲ್ಲ ಏಳಲೇಬೇಕಾಯಿತು. ಟೋಕನ್ ಹಿಡಿದವರು ಎದ್ದರು, ಜವಾನ ಕೈಯ ಟ್ರೇ ಸಮೇತ ಸೆಟೆದ, ಅಧಿಕಾರಿ ಕುರ್ಚಿ ಹಿಂದಕ್ಕೆ ತಳ್ಳಿ ನಿಂತರು. ಬಾಗಿಲ ಸಂದಿಯಲ್ಲಿ ಎಲ್ಲರಿಗಿಂತ ಜೋರಾಗಿ, ರಾಗ ತಪ್ಪಿಸಿ ಹಾಡುತ್ತಿದ್ದವರು ನಮ್ಮ ಮಾವ.

ಹಾಡು ಮುಗಿದ ಮೇಲೆ ಅಧಿಕಾರಿ ಕೂತು, ಕನ್ನಡಕ ಒರೆಸಿಕೊಂಡು, ಕೊನೆಯ ಪ್ರಶ್ನೆ ಕೇಳಿದರು. ಅತ್ತೆ ಒಂದಕ್ಷರ ತಪ್ಪದೆ ಕಣಕಣದಲ್ಲೂ ಉಸಿರಿಟ್ಟರು. ದಪ್ಪನೆ ಮೊಹರು ಬಿತ್ತು. ನಾನು ಬಾಗಿಲ ಸಂದಿಗೆ ಹೆಬ್ಬೆರಳು ತೋರಿಸಿದೆ. ಹೊರಗೆ ಎದ್ದ ಗದ್ದಲಕ್ಕೆ ಫ್ಯಾನು ಕೂಡ ಎಚ್ಚೆತ್ತು ತಿರುಗಿತು.

ಅಧಿಕಾರಿ ಕಾಗದವನ್ನು ಕೊಡಲು ಕೈ ಮುಂದೆ ಮಾಡಿದವರು ಅರ್ಧದಲ್ಲಿ ನಿಲ್ಲಿಸಿದರು.

“ಅಮ್ಮ, ಈ ಕಣಕಣ ನಾನು ದಿನಾ ಕೇಳ್ತೀನಿ. ಆದರೆ ನೀವು ಹಾಡಿದ ಹಾಗೆ ಇಲ್ಲಿ ಯಾರೂ ಹಾಡಿಲ್ಲ. ಮೊಹರು ಬಿದ್ದಾಯ್ತು, ಇನ್ನು ಯಾರೂ ಕಿತ್ಕೊಳ್ಳೋಕಾಗಲ್ಲ. ಈಗ ಮನಸಲ್ಲಿರೋದು ಹೇಳಿ. ನಿಜವಾಗಲೂ ಯಾಕೆ ಬೇಕಿತ್ತು ನಿಮಗೆ ಇದು?”

ಅತ್ತೆ ಮೊದಲು ಕಾಗದ ಇಸಿದುಕೊಂಡರು. ಮಡಿಸಿ ಫೈಲಿನೊಳಗಿಟ್ಟರು. ಆಮೇಲೆ ಹೇಳಿದರು:

“ಬೈಯೋದಕ್ಕೆ ಸಾರ್. ಇಷ್ಟು ವರ್ಷ ಒಂದು ಮಾತು ಆಡಿದ್ರೂ ‘ಹಾಗಾದ್ರೆ ನಿಮ್ಮ ದೇಶಕ್ಕೆ ಹೋಗಿ’ ಅಂದುಬಿಡ್ತಾರೇನೋ ಅಂತ ನುಂಗಿಕೊಂಡು ನುಂಗಿಕೊಂಡು ಹೊಟ್ಟೆ ಉಬ್ಬಿಹೋಗಿದೆ. ನಿಮ್ಮ ಈ ಕಚೇರಿಯಿಂದಲೇ ಶುರು ಮಾಡ್ಲಾ?”