ನಳವಿಲ್ಲದ ಟಾಕಿ

ಸಿಂಧನೂರಿನ ಆ ಓಣಿಗೆ ಹೋಗಿ ಅಂಬಪ್ಪನ ಮನೆ ಎಲ್ಲಿ ಎಂದು ಕೇಳಿದರೆ ಯಾವ ಅಂಬಪ್ಪ ಎಂದು ತಿರುಗಿ ಕೇಳುತ್ತಾರೆ. ಮಳಿ ಅಂಬಪ್ಪ ಎನ್ನಬೇಕು. ಆಗ ಆಟೋದವರು ಸೀದಾ ಬಾಗಿಲಿಗೇ ತಂದು ಇಳಿಸುತ್ತಾರೆ. ಮಾಳಿಗೆಯ ಮೇಲೆ ಎರಡಾಳೆತ್ತರದ ಕಬ್ಬಿಣದ ಸ್ಟ್ಯಾಂಡು, ಅದರ ಮೇಲೆ ನೀರಿನ ದೊಡ್ಡ ಕರಿ ಕಬ್ಬಿಣದ ಟಾಕಿ, ಅಲ್ಲಿಂದ ಇಳಿದ ಕೆಂಪು ಬಣ್ಣದ ಪೈಪು. ಆ ಪೈಪು ಗೋಡೆ ಕೊರೆದು ಒಳಗೆ ಹೋಗಿ ಕೋಣೆ ಕೋಣೆಯ ಛತ್ತಿಗೂ ಹಬ್ಬಿದೆ. ಅಡುಗೆಮನೆ, ಪಡಸಾಲೆ, ಮಲಗುವ ಕೋಣೆ, ಕೊನೆಗೆ ದೇವರ ಜಗಲಿಯ ಮೇಲೂ ಒಂದೊಂದು ಹಿತ್ತಾಳೆಯ ಮೂತಿ ಕೆಳಗೆ ನೋಡುತ್ತ ನಿಂತಿದೆ. ಬೆಂಕಿ ಹತ್ತಿದರೆ ಮನೆಯೊಳಗೇ ಮಳೆ ಬರುತ್ತದೆ ಎಂದು ಅಂಬಪ್ಪ ಕಂಡಕಂಡವರಿಗೆಲ್ಲ ಹೇಳುತ್ತಿದ್ದ. ಹೊರಗೇ ಸರಿಯಾಗಿ ಮಳೆ ಬಾರದ ಸೀಮೆಯಲ್ಲಿ ಇಂಥ ಮಾತಾಡಿದರೆ ಜನ ಸುಮ್ಮನಿರುತ್ತಾರೆಯೇ? ಹೆಸರಿಟ್ಟರು.

ನಗುವವರಿಗೆ ಅವನ ಮನಸ್ಸಿನ ಅಂಜಿಕೆ ಗೊತ್ತಿರಲಿಲ್ಲ. ಅವನು ಹುಟ್ಟಿದ್ದು ಸಾಲಗುಂದದಲ್ಲಿ, ಜೋಳದ ಸೊಪ್ಪೆ ಹೊದಿಸಿದ ಗುಡಿಸಲಲ್ಲಿ. ಅವ್ವ ಅಪ್ಪ ನಾಟಿ ಹಚ್ಚಲು ಹೋದ ಒಂದು ಮಧ್ಯಾಹ್ನ ಒಲೆಯ ಕಿಡಿ ಸೊಪ್ಪೆಗೆ ಹಾರಿತು. ಒಳಗೆ ಸಣ್ಣ ತಂಗಿ ಪೀರಮ್ಮ ಮಲಗಿದ್ದಳು. ಅಂಬಪ್ಪ ಆಗ ನೀರು ತರಲು ಬಾವಿಗೆ ಹೋಗಿದ್ದ. ಹೊಗೆ ಕಂಡು ತುಂಬಿದ ಕೊಡ ಹೊತ್ತು ಓಡಿದ. ಅವನು ಬಂದು ಮುಟ್ಟುವಷ್ಟರಲ್ಲಿ ಗುಡಿಸಲೂ ಇರಲಿಲ್ಲ, ಪೀರಮ್ಮನೂ ಇರಲಿಲ್ಲ. ನೀರು ಇತ್ತು, ಆದರೆ ದೂರ ಇತ್ತು. ಆ ಒಂದು ಮಾತು ಅವನ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದು ಉಳಿಯಿತು.

ದೊಡ್ಡವನಾದ ಮೇಲೆ ಹೈದರಾಬಾದಿಗೆ ಹೋಗಿ ಪೈಪಿನ ಕೆಲಸ ಕಲಿತ. ಎತ್ತರದ ಕಟ್ಟಡಗಳಲ್ಲಿ ಸ್ಪ್ರಿಂಕ್ಲರ್ ಹಾಕುವವರ ಕೈಕೆಳಗೆ ಬಿದ್ದವನಿಗೆ ತಾನು ಜನ್ಮವೆಲ್ಲ ಹುಡುಕುತ್ತಿದ್ದದ್ದು ಸಿಕ್ಕಂತಾಯಿತು. ಹಿತ್ತಾಳೆಯ ಮೂತಿಗೆ ಅಡ್ಡಲಾಗಿ ಕೆಂಪು ರಸ ತುಂಬಿದ ಸಣ್ಣ ಗಾಜಿನ ನಳಿಗೆ. ಕೆಳಗೆ ಬೆಂಕಿಯ ಕಾವು ಏರಿದರೆ ಗಾಜು ಒಡೆಯುತ್ತದೆ, ನೀರು ಛತ್ರಿಯ ಹಾಗೆ ಹರಡಿ ಸುರಿಯುತ್ತದೆ. ಎಲ್ಲಿ ಕಾವೋ ಅಲ್ಲಿ ಮಾತ್ರ, ಮನೆಯೆಲ್ಲ ತೋಯುವುದಿಲ್ಲ. ಒಮ್ಮೆ ಒಬ್ಬ ತೆಲುಗು ಮುದುಕಿಯ ಮನೆಯಲ್ಲಿ ದೀಪದಿಂದ ಪರದೆಗೆ ಬೆಂಕಿ ಹತ್ತಿತು. ಅಗ್ನಿಶಾಮಕದ ಗಾಡಿ ಬರುವುದರೊಳಗೆ ಒಂದೇ ಒಂದು ಮೂತಿ ಒಡೆದು ಬೆಂಕಿಯನ್ನು ಆರಿಸಿಬಿಟ್ಟಿತ್ತು. ಮೂತಿ ಬದಲಿಸಲು ಹೋದ ಅಂಬಪ್ಪನ ಕೈ ಹಿಡಿದು ಆ ಮುದುಕಿ ಹರಸಿದಳು. ನೀರು ತಲೆಯ ಮೇಲೇ ಇರಬೇಕು ಎಂದು ಅವನು ಅಂದೇ ನಿಶ್ಚಯಿಸಿದ.

ಸಿಂಧನೂರಿಗೆ ಮರಳಿ ಮನೆ ಕಟ್ಟಿಸಿದಾಗ ಮೊದಲು ಹಾಕಿಸಿದ್ದೇ ಈ ಪೈಪು. ಮಸ್ಕಿ, ಲಿಂಗಸುಗೂರು ಎಂದು ಎಲ್ಲಿ ನಳದ ಕೆಲಸಕ್ಕೆ ಹೋದರೂ ಹೊಸ ಮನೆಯವರಿಗೆ ಇದನ್ನೇ ಊದುತ್ತಿದ್ದ. ಅಕ್ಕಿ ಗಿರಣಿಯ ವೀರೇಂದ್ರ, "ಹೊಲಕ್ಕ ಹಾಕೋದನ್ನ ಹಾಲಿಗೆ ಹಾಕಂತೀಯಲ್ಲೋ ಮಾರಾಯ, ಸೋಫಾದಾಗ ಭತ್ತ ನಾಟಿ ಹಚ್ಚಲೇನು?" ಎಂದು ನಕ್ಕ. ಲಿಂಗಸುಗೂರಿನ ಒಬ್ಬ ಮೇಷ್ಟ್ರು ಮಾತ್ರ ಒಪ್ಪಿ ಹಾಕಿಸಿದರು. ದೀಪಾವಳಿಗೆ ಅವರ ಮನೆಯವರು ಅದೇ ಮೂತಿಗೆ ಆಕಾಶಬುಟ್ಟಿ ತೂಗುಹಾಕಿದರು. ಗಾಜು ಒಡೆದು, ಬೆಂಕಿಯಿಲ್ಲದೆಯೇ ಮಳೆ ಸುರಿದು, ಹಬ್ಬದ ಸೀರೆಗಳೆಲ್ಲ ತೊಯ್ದು ತೊಪ್ಪೆಯಾದವು. ಮೇಷ್ಟ್ರು ಫೋನು ಮಾಡಿ ಬೈದ ಬೈಗುಳ ಅಂಬಪ್ಪನ ಕಿವಿಯಲ್ಲಿ ಬಹಳ ದಿನ ಇತ್ತು. ತಪ್ಪು ಮೂತಿಯದಲ್ಲ, ಬುಟ್ಟಿಯದು ಎಂದು ಅವನು ಈಗಲೂ ಹೇಳುತ್ತಾನೆ. ಅದೂ ನಿಜವೇ ಅನ್ನಿ.

ಎದುರುಮನೆ ಜಿಲಾನಿಸಾಬನದು. ಗಾದಿ ಮಾಡುವ ಮನೆತನ. ಮುಂದಿನ ಕೋಣೆಯಲ್ಲಿ ಹತ್ತಿ ಹಿಂಜುವ ಮಷೀನು, ಸುತ್ತಲೂ ಛತ್ತು ಮುಟ್ಟುವಂತೆ ಹತ್ತಿ. ಅವನ ಹೆಂಡತಿ ಮೆಹಬೂಬ್‌ಬೀ, ಅಂಬಪ್ಪನ ಹೆಂಡತಿ ಅಯ್ಯಮ್ಮ, ಇಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರ ಹಾಗಿದ್ದರು. ಒಬ್ಬರ ಮನೆಯ ಪಲ್ಯ ಇನ್ನೊಬ್ಬರ ಮನೆಯ ರೊಟ್ಟಿಯ ಜೊತೆಗೇ ಮುಗಿಯುತ್ತಿತ್ತು. ಆ ಮನೆಗೂ ಪೈಪು ಹಾಕಿಕೊಡುತ್ತೇನೆಂದು ಅಂಬಪ್ಪ ಹೇಳಿದಾಗ ಜಿಲಾನಿಸಾಬ ಕೈ ಮುಗಿದ.

"ಹತ್ತಿಗೆ ನೀರು ಬಿದ್ರ ಅದೂ ಬೆಂಕಿ ಬಿದ್ದಂಗ ಅಣ್ಣಾ. ಒಂದ್ ಸಲ ಗಂಟು ಕಟ್ಟಿದ ಹತ್ತಿ ಮತ್ತ ಹಿಂಜಾಕ ಜೀವ ಹೋಗ್ತೈತಿ. ನಮಗ ಬ್ಯಾಡ."

ಬೇಡವೆಂದವರಿಗೆ ಬಲವಂತ ಮಾಡಲಾಗುತ್ತದೆಯೇ? ಮಾತು ಅಲ್ಲಿಗೇ ನಿಂತಿತು.

ಟಾಕಿಗೆ ಮೊದಲು ಒಂದು ನಳ ಇತ್ತು. ನಿಂತ ನೀರು ಪಾಚಿಗಟ್ಟುತ್ತದೆ. ಆಗಾಗ ಖಾಲಿ ಮಾಡಿ ತೊಳೆಯಲು ಮಾಳಿಗೆಯ ಮೇಲೆ ಬಿಟ್ಟ ನಳ. ಬೇಸಿಗೆಯಲ್ಲಿ ಕಾಲುವೆಯ ನೀರು ನಿಲ್ಲಿಸಿದರೆ ಓಣಿಯ ಪಾಡು ಕೇಳಬೇಡಿ. ನಳದ ನೀರು ಬಂದರೆ ಬಂತು ಇಲ್ಲದಿದ್ದರೆ ಇಲ್ಲ, ಬೋರಿನ ನೀರು ಬಾಯಿಗಿಟ್ಟರೆ ಉಪ್ಪುಪ್ಪು ಸವಳು. ಅಯ್ಯಮ್ಮ ಆ ನಳ ಬಿಟ್ಟು ಓಣಿಯ ಹೆಂಗಸರಿಗೆ ಕೊಡ ತುಂಬಿಸಿ ಕಳಿಸುತ್ತಿದ್ದಳು. ಗಂಡ ಕೆಲಸಕ್ಕೆ ಹೋದಾಗ ಅನ್ನಿ. ಓಣಿಯ ಹುಡುಗರು ಏಣಿ ಹತ್ತಿ ಟಾಕಿಯಲ್ಲಿ ಎಷ್ಟು ಉಳಿದಿದೆಯೆಂದು ನೋಡಿ ಬರುತ್ತಿದ್ದರು. ಒಂದು ಸಂಜೆ ಅಂಬಪ್ಪ ಪೈಪು ಪರೀಕ್ಷಿಸಲು ಹೋದರೆ ಒಳಗಿನಿಂದ ಬರೀ ಗಾಳಿ ಉಸ್ಸೆಂದಿತು. ಅವನು ಹೆಂಡತಿಯ ಮೇಲೆ ಒದರಾಡಿದ. ಕಣ್ಣ ಮುಂದೆ ಬಂದವಳು ಪೀರಮ್ಮ.

"ಏನಾಗೇತಂತ ಹಿಂಗ ಒದರಾಕತ್ತೀರಿ? ನಾಕು ಕೊಡ ನೀರು ಕೊಟ್ಟೀನಿ, ಮನಿ ಕೊಟ್ಟಿಲ್ಲ," ಎಂದಳು ಅಯ್ಯಮ್ಮ.

"ಇವತ್ತ ಬೆಂಕಿ ಹತ್ತಿದ್ರ ಏನ್ ಮಾಡ್ತಿದ್ದಿ?"

"ಇವತ್ತ ಮಂದಿಗೆ ನೀರಡಿಕಿ ಹತ್ತೇತ್ರೀ. ಬೆಂಕಿ ಹತ್ತಿಲ್ಲ."

ಮಾತಿನಲ್ಲಿ ಸೋತ ಗಂಡಸರು ಮಾಡುವುದನ್ನೇ ಅವನೂ ಮಾಡಿದ. ಮರುದಿನ ನಳ ಕಿತ್ತು ಆ ಬಾಯಿಗೆ ವೆಲ್ಡಿಂಗ್ ಹೊಡೆಸಿದ. ಸ್ಟ್ಯಾಂಡಿಗಿದ್ದ ಏಣಿಯನ್ನೂ ಬಿಚ್ಚಿಸಿ ಗುಜರಿಗೆ ಹಾಕಿದ. ಮೋಟಾರು ಹಚ್ಚಿ ತುಂಬಿಸುವುದೊಂದೇ. ಆಮೇಲೆ ಬೆಂಕಿ ಬಂದರೆ ಮಾತ್ರ ಆ ನೀರು ಕೆಳಗಿಳಿಯಬೇಕು. ತೊಳೆಯುವ ವಿಚಾರವನ್ನೇ ಬಿಟ್ಟ. ಅಂದು ರಾತ್ರಿ ಕಣ್ತುಂಬ ನಿದ್ದೆ ಮಾಡಿದ.

ಹೋದ ವರ್ಷದ ಬೇಸಿಗೆಯಲ್ಲಿ ಮೆಹಬೂಬ್‌ಬೀ ಒಂದು ಬೆಳಿಗ್ಗೆ ಖಾಲಿ ಕೊಡ ಹಿಡಿದು ಬಂದಳು. ಮಗಳು ವಸೀಮಾಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅಯ್ಯಮ್ಮನ ಮನೆಯ ಹಂಡೆಯೂ ತಳ ಕಂಡಿತ್ತು.

"ಅಣ್ಣಾ, ಬೀಗರು ಬರಾಕತ್ಯಾರ. ಅವರ ಮುಂದ ಸವಳು ನೀರು ಇಡಾಕ ಬರ್ತೈತೇನು? ಕೈಕಾಲು ತೊಳ್ಯಾಕಾರ ಒಂದ್ ಕೊಡ ಬೇಕಿತ್ತು. ಮ್ಯಾಲಿಂದ ಹೆಂಗಾರ ಮಾಡಿ ಕೊಡು."

ಅಂಬಪ್ಪ ಮೇಲೆ ನೋಡಿದ. ಪೈಪು ಬಿಚ್ಚಬಹುದಿತ್ತು. ಒಂದು ಸಲ ಬಿಚ್ಚಿದರೆ ದಿನಾ ಬಿಚ್ಚಬೇಕಾಗುತ್ತದೆ ಎನಿಸಿತು.

"ಅದು ಬೆಂಕಿಗೆ ಇಟ್ಟದ್ದು, ತಂಗಿ."

ಅಯ್ಯಮ್ಮ ನಾಚಿಕೆಯಿಂದ ನೆಲ ನೋಡಿದಳು. ಮೆಹಬೂಬ್‌ಬೀಯೇ ನಕ್ಕು ಕೊಡವನ್ನು ಸೊಂಟಕ್ಕೇರಿಸಿದಳು. "ಆತು ಬಿಡಣ್ಣ. ಬೆಂಕಿ ಹತ್ತಿದಾಗ ಬರ್ತೀನಿ."

ಕೆಲವೇ ದಿನಗಳಲ್ಲಿ ಹತ್ತಿತು. ಉರಿಬಿಸಿಲಿನ ಮಧ್ಯಾಹ್ನ. ಜಿಲಾನಿಸಾಬ ಗಾದಿ ಹೇರಿಕೊಂಡು ಮಸ್ಕಿಗೆ ಹೋಗಿದ್ದ. ಮಷೀನಿನ ಮೋಟಾರಿನಿಂದ ಸಿಡಿದ ಕಿಡಿ ಬಾಗಿಲ ಬಳಿಯ ಹತ್ತಿಗೆ ಬಿತ್ತು. ತಾಯಿ ಮಗಳು ಹೊರಗೆ ಓಡಿ ಬಂದರು, ಅದೊಂದು ಪುಣ್ಯ. ಉಂಡು ಅಡ್ಡಾಗಿದ್ದ ಅಂಬಪ್ಪ ಕೂಗು ಕೇಳಿ ಎದ್ದು ಬಂದಾಗ ಬೆಂಕಿ ಇನ್ನೂ ಆ ಒಂದು ಗುಡ್ಡೆಯಲ್ಲೇ ಇತ್ತು. ಕಣ್ಣಳತೆಯಲ್ಲೇ ಅವನಿಗೆ ಗೊತ್ತಾಯಿತು: ಹತ್ತಾರು ಕೊಡ ನೀರು ಈಗಲೇ ಸುರಿದರೆ ಉಳಿಯುತ್ತದೆ. ಅಗ್ನಿಶಾಮಕಕ್ಕೆ ಫೋನು ಹೋಯಿತು. ಗಾಡಿ ಸಾಲಗುಂದದ ಕಡೆ ಹುಲ್ಲಿನ ಬಣವೆ ಆರಿಸಲು ಹೋಗಿತ್ತು. ಓಣಿಯ ತುಂಬ ಕೊಡಗಳು, ಎಲ್ಲವೂ ಖಾಲಿ. ಓಣಿಯ ಕೊನೆಯ ಬೋರಿನಿಂದ ಒಂದೊಂದೇ ಕೊಡ ತಂದು ಆರಿಸುವಷ್ಟು ಹೊತ್ತಿರಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ತಲೆಯೆತ್ತಿ ಆ ಕರಿ ಟಾಕಿಯನ್ನು ನೋಡಿದರು.

ಅಂಬಪ್ಪ ಮಾಳಿಗೆಗೆ ಓಡಿದ. ಏಣಿ ಇರಲಿಲ್ಲ. ನಳದ ಬಾಯಿಗೆ ತಾನೇ ಹೊಡೆಸಿದ ವೆಲ್ಡಿಂಗ್ ಇತ್ತು. ಪೈಪು ಬಿಚ್ಚುತ್ತ ಕೂತರೆ ಹೊತ್ತು ಮೀರುತ್ತದೆ. ಕೆಳಗಿಳಿದು ಬಂದು, ಬಾಗಿಲ ಸಂದಿಯ ಕಟ್ಟಿಗೆ ಎತ್ತಿ, ಪಡಸಾಲೆಯ ಮೂತಿಯ ಗಾಜಿಗೆ ಬಾರಿಸಿದ. ಮಲಗುವ ಕೋಣೆಯದಕ್ಕೂ ಬಾರಿಸಿದ.

"ಕೊಡ ಇಡ್ರೇ! ಕೆಳಗ ಕೊಡ ಇಡ್ರೇ!"

ಮಳೆ ಬಂತು. ಎಷ್ಟು ಚೆಂದದ ಮಳೆ! ಮೂಲೆ ಮೂಲೆಗೂ ಸಮನಾಗಿ ಹರಡಿ, ಗೋಡೆಯ ಫೋಟೋ, ಟಿವಿ, ಹಾಸಿಗೆ, ಜೋಳದ ಚೀಲ ಎಲ್ಲವನ್ನೂ ತೋಯಿಸಿತು. ಕೊಡಕ್ಕೆ ಮಾತ್ರ ತುಂಬಲಿಲ್ಲ. ಒಂದೆಡೆ ಬೀಳದಂತೆ ಹರಡಲೆಂದೇ ಮಾಡಿದ ಮೂತಿ ಅದು. ಅದು ತನ್ನ ಕೆಲಸ ಚಾಚೂ ತಪ್ಪದೆ ಮಾಡಿತು. ಹೆಂಗಸರು ಕೊಡ, ಬುಟ್ಟಿ, ಪರಾತ ಹಿಡಿದು ಜಾರಿ ಬೀಳುತ್ತ ಬೊಗಸೆ ಬೊಗಸೆ ಹಿಡಿದರು. ನೆಲದ ಮೇಲೆ ಪಾದ ಮುಳುಗುವ ನೀರನ್ನು ಅಯ್ಯಮ್ಮ ತಾಟಿನಿಂದ ಎತ್ತಿ ಎತ್ತಿ ಬಕೆಟ್ಟಿಗೆ ಹಾಕಿದಳು. ತಳ ಮುಚ್ಚುವಷ್ಟು ನೀರು ಹೊತ್ತು ಅವರು ಓಣಿ ದಾಟುವಷ್ಟರಲ್ಲಿ ಎದುರುಮನೆಯ ಹತ್ತಿಯೆಲ್ಲ ಒಂದಾಗಿ ಉರಿಯುತ್ತಿತ್ತು. ಮಷೀನು ಹೋಯಿತು. ಛತ್ತಿನ ತಗಡು ಸೊಟ್ಟಾಗಿ ಬಿತ್ತು. ವಸೀಮಾಳ ಮದುವೆಗೆಂದು ತಾಯಿ ತುಂಬಿ ಹೊಲಿದಿಟ್ಟ ಗಾದಿಗಳು ಹೋದವು. ಮೆಹಬೂಬ್‌ಬೀ ಓಣಿಯ ನಡುವೆ ನಿಂತಿದ್ದಳು. ನೀರು ಕೇಳಲು ಅವಳು ಅಂಬಪ್ಪನ ಕಡೆ ತಿರುಗಿ ಕೂಡ ನೋಡಲಿಲ್ಲ.

ಯಾರೂ ಅವನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನಿಸಿತು. ತೊಯ್ದ ಮನೆಯೊಳಗೆ ಗೋಡೆಗೊರಗಿ ಕೂತು ಸಣ್ಣ ಹುಡುಗನ ಹಾಗೆ ಅತ್ತ. ಈ ಸಲ ನೀರು ದೂರ ಇರಲಿಲ್ಲ. ಎದುರಿಗೇ ಇದ್ದ ನೀರನ್ನು ಸಾಲಗುಂದದ ಬಾವಿಯಷ್ಟು ದೂರ ಮಾಡಿದವನು ತಾನೇ.

ಜಿಲಾನಿಸಾಬನ ಸಂಸಾರ ಮೆಹಬೂಬ್‌ಬೀಯ ತವರು ಮಸ್ಕಿಗೆ ಹೋಗಿ, ಮಳೆಗಾಲ ಕಳೆದ ಮೇಲೆ ತಿರುಗಿ ಬಂತು. ಅಷ್ಟರಲ್ಲಿ ಅಂಬಪ್ಪ ಟಾಕಿಯ ಅರ್ಧಕ್ಕೆ ಇನ್ನೊಂದು ತೂತು ಕೊರೆದು ಪೈಪು ಇಳಿಸಿ, ಓಣಿಯ ಕಡೆಯ ಗೋಡೆಗೆ ನಳ ಕೂಡಿಸಿದ್ದ. ಮೇಲಿನ ಅರ್ಧ ಮಂದಿಗೆ, ಕೆಳಗಿನ ಅರ್ಧ ಬೆಂಕಿಗೆ. ಇಷ್ಟು ಸರಳ ಹಂಚಿಕೆ ಮೊದಲೇ ಯಾಕೆ ಹೊಳೆಯಲಿಲ್ಲ ಎಂದು ಈಗಲೂ ಹಣೆ ಬಡಿದುಕೊಳ್ಳುತ್ತಾನೆ.

ಈ ಬೇಸಿಗೆಯಲ್ಲಿ ಕಾಲುವೆ ಮತ್ತೆ ನಿಂತಿತು. ಓಣಿಯ ಹೆಂಗಸರು ಆ ನಳಕ್ಕೆ ಪಾಳಿ ಹಚ್ಚಿದರು. ಮೆಹಬೂಬ್‌ಬೀ ಮಾತ್ರ ಅದರ ಮುಂದೆಯೇ ಹಾದು, ಓಣಿಯ ಕೊನೆಯ ಸವಳು ಬೋರಿಗೆ ಹೋಗುತ್ತಾಳೆ. ಅಯ್ಯಮ್ಮನ ಜೊತೆ ಮಾತು ಇದೆ, ನಗುವೂ ಇದೆ. ರೊಟ್ಟಿಯೂ ಪಲ್ಯವೂ ಓಣಿ ದಾಟುವುದು ನಿಂತಿದೆ.

ಮೊನ್ನೆ ಅವಳು ತಾನಾಗಿಯೇ ಬಾಗಿಲಿಗೆ ಬಂದಳು. ಅಂಬಪ್ಪನ ಜೀವ ಒಮ್ಮೆ ಹಿಗ್ಗಿತು. ಅವಳ ತಲೆಯ ಮೇಲೆ ಕೊಡ ಇರಲಿಲ್ಲ, ಸುತ್ತಿದ ಗಾದಿ ಇತ್ತು. ಅಂದು ತೊಯ್ದು ಗಂಟುಗಂಟಾಗಿ ಮೂಲೆ ಸೇರಿದ್ದ ಅವನದೇ ಗಾದಿ. ಅಯ್ಯಮ್ಮ ಬೇಡವೆಂದರೂ ಒಯ್ದು, ಹತ್ತಿಯನ್ನೆಲ್ಲ ಕೈಯಿಂದ ಬಿಡಿಸಿ, ಮತ್ತೆ ಹಿಂಜಿ, ಹೊಸ ಬಟ್ಟೆ ಹಾಕಿ ಹೊಲಿದಿದ್ದಳು.

"ನಮ್ಮ ಬೆಂಕಿ ಸಲುವಾಗಿ ತೊಯ್ದಿತ್ತಲ್ಲಣ್ಣ," ಎಂದು ಪಡಸಾಲೆಯಲ್ಲಿ ಇಳಿಸಿದಳು.

ಅಂಬಪ್ಪ ಹೊರಗಿನ ನಳದ ಕಡೆ ಕೈ ತೋರಿಸಿದ. "ತಂಗೀ, ಹೊರಗ ನಳ ಐತಿ. ದಿನಾ ನೋಡಾಕತ್ತೀನಿ, ನೀ ಸವಳು ನೀರು ಹೊರಾಕತ್ತೀದಿ. ಒಂದ್ ಕೊಡರ ತುಂಬ್ಕೊಂಡು ಹೋಗವ್ವಾ."

ಅವಳು ಸೆರಗು ಸರಿಮಾಡಿಕೊಂಡು ಹೊಸ್ತಿಲು ದಾಟಿದಳು. ದನಿಯಲ್ಲಿ ಸಿಟ್ಟು ಇರಲಿಲ್ಲ.

"ಬ್ಯಾಡಣ್ಣ. ಅದು ಬೆಂಕಿಗೆ ಇಟ್ಟದ್ದು."