ಪಿಕಪ್ಪಿನ ನಡುಕ

ನಾಲ್ಕೂ ಗಾಲಿ ಎಳೆಯುವ ಆ ಹಳೇ ಪಿಕಪ್ಪು, ವೇಗ ನಲವತ್ತು ದಾಟಿದರೆ ಸಾಕು, ಮುಂಭಾಗವೆಲ್ಲ ಚಳಿಜ್ವರ ಬಂದಂತೆ ನಡುಗುತ್ತಿತ್ತು. ಆಳಂದದ ಗ್ಯಾರೇಜಿನ ಮೆಕ್ಯಾನಿಕ್ ನಾನೇ ಎರಡು ಸಲ ಗಾಲಿ ಬಿಚ್ಚಿ, ಬೇರಿಂಗು, ಕಿಂಗ್ ಪಿನ್ನು ಎಲ್ಲ ಬದಲಿಸಿದ್ದೆ. ಇವತ್ತೂ ರಿಪೇರಿ ಆಗದಿದ್ದರೆ ಗುಲ್ಬರ್ಗಾದ ಮೇಸ್ತ್ರಿಗೆ ಒಯ್ಯುತ್ತೇನೆ ಅಂತ ಗಾಡಿಯ ಮಾಲೀಕರು ಹೇಳಿಬಿಟ್ಟಿದ್ದರು.

ಓಡಿಸಿ ನೋಡೋಣವೆಂದು ಅಫಜಲಪುರದ ಕಡೆ ಹೊರಟೆ. ದಾರಿಯಲ್ಲಿ ಘತ್ತರಗಿಯ ಗುಡಿಗೆ ಹೊರಟಿದ್ದ ಮುದುಕಿಯೊಬ್ಬಳು ಕೈಮಾಡಿ ಹತ್ತಿದಳು. ನಲವತ್ತು ದಾಟಿತು. ಸ್ಟೇರಿಂಗು, ನನ್ನ ಹಲ್ಲು, ಆಕೆಯ ಬಳೆ, ಉಡಿಯಲ್ಲಿದ್ದ ತೆಂಗಿನಕಾಯಿ ಎಲ್ಲವೂ ಕುಣಿಯತೊಡಗಿದವು. ಆಕೆ ಬಿದ್ದು ಬಿದ್ದು ನಕ್ಕಳು. ನನಗೂ ನಗು ತಡೆಯಲಾಗಲಿಲ್ಲ.

“ತಮ್ಮಾ, ಗಾಡಿ ಹೊಲಕ್ಕ ಹೋಗಿತ್ತೇನು?”

“ಹೌದಬೇ ಆಯಿ, ಮಳ್ಯಾಗ ಎರಿ ಹೊಲದಾಗ ಸಿಕ್ಕೊಂಡಿತ್ತು.”

“ಗಾಲಿ ಒಳಮಗ್ಗಲ ನೋಡು. ಕಾಲಿಗಿ ಎರಿ ಹತ್ತಿದ್ರ ನಮ್ಮ ಎತ್ತೂ ಹಿಂಗೇ ಕುಣೀತದ.”

ನಗುತ್ತಲೇ ಇಳಿದು ಕೈಹಾಕಿದೆ. ಬಲಗಾಲಿಯ ಒಳಗೆ, ಒಂದೇ ಬದಿಗೆ ಭಾರವಾಗಿ, ಎರೆಮಣ್ಣು ಕಲ್ಲಿನಂತೆ ಒಣಗಿ ಕೂತಿತ್ತು. ಬಿಚ್ಚಿದ ಎರಡೂ ಸಲ ಅದನ್ನು ಕಂಡಿದ್ದೆ. ಬರೀ ಮಣ್ಣಲ್ಲವೇ ಎಂದು ಬಿಟ್ಟಿದ್ದೆ. ಬೋಲ್ಟು ಬಿಚ್ಚುವ ಪಾನಾದಿಂದ ಕೆರೆದು ತೆಗೆದೆ. ಆಮೇಲೆ ಅರವತ್ತರಲ್ಲೂ ಗಾಡಿ ಎಣ್ಣೆ ಸುರಿದಂತೆ ಸಾಗಿತು. ನಾನು ಖುಷಿಗೆ ಸುಮ್ಮಸುಮ್ಮನೆ ಹಾರ್ನ್ ಹೊಡೆದೆ.

“ಏನ್ ಕೆಲ್ಸ ಮಾಡ್ತೀಯೋ ತಮ್ಮಾ?” ಎಂದಳು ಆಯಿ.

“ಡ್ರೈವರ್ ಅದೀನಬೇ,” ಎಂದೆ.