ಕಡಲಿಗೆ ಚೆಲ್ಲಿದ ಚರಗ

ಯಂಕಂಚಿಯ ಚಂದಪ್ಪ ಹಡಗಿನ ಮೇಲೆ ನೌಕರಿಗಿದ್ದಾನೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಆ ನೌಕರಿ ಎಂದರೆ ನೂರ ಎಂಬತ್ತು ಜನಕ್ಕೆ ಅಡುಗೆ ಮಾಡುವುದು ಎಂದು ಅವನ ಹೆಂಡತಿ ಶೇವಂತೆವ್ವನೊಬ್ಬಳಿಗೇ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ಅವನೇ ಹೇಳಿದ್ದ. ಅವಳು ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕಿದ್ದಳು.

"ಹಂಗಾರ ನಾವಿಬ್ರೂ ಒಂದ ನೌಕರಿ ಮಾಡಾಕತ್ತೇವಿ ಬಿಡ್ರಿ. ನಿಮಗ ಪಗಾರ ಐತಿ, ನನಗಿಲ್ಲ, ಅಷ್ಟ."

ಆಮೇಲೆ ಆ ಮಾತನ್ನು ಅವಳು ಯಾರ ಮುಂದೆಯೂ ಎತ್ತಲಿಲ್ಲ. ರಜೆಗೆ ಬಂದಾಗ ಅವನೂ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ಹನ್ನೊಂದು ಜನರ ಮನೆ. ಉಳಿದ ಗಂಡಸರ ಹಾಗೆ ಅವನೂ ಕಟ್ಟೆಯ ಮೇಲೆ ಕೂತು ತಾಟಿಗೆ ಕಾಯುತ್ತಿದ್ದ. ಒಳಗೆ ಅವಳು ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಕೇಳಿ ಕೇಳಿ, ಅದು ಕೆಲಸದ ಸದ್ದು ಎಂಬುದೇ ಮರೆತುಹೋಗುತ್ತಿತ್ತು.

೧೯೭೨ರ ಜನವರಿ ಇಪ್ಪತ್ತಾರರಂದು ಅವನ ಹಡಗು ಬಂಗಾಳದ ಕಡಲಲ್ಲಿತ್ತು. ಯುದ್ಧ ನಿಂತು ನಲವತ್ತು ದಿನವಾಗಿತ್ತು, ಆದರೆ ಯುದ್ಧದ ಹುಕುಮುಗಳು ನಿಂತಿರಲಿಲ್ಲ. ನೀರಿನಲ್ಲಿ ಹುದುಗಿಸಿಟ್ಟ ಸಿಡಿಗುಂಡುಗಳು ಎಲ್ಲೆಲ್ಲಿವೆಯೋ ಯಾರಿಗೂ ಪೂರಾ ಗೊತ್ತಿರಲಿಲ್ಲ. ಹಗಲು ಹೊತ್ತಿನಲ್ಲಿ ಈರುಳ್ಳಿ ಸಿಪ್ಪೆಯನ್ನೂ ಕಡಲಿಗೆ ಎಸೆಯುವಂತಿರಲಿಲ್ಲ, ಏಕೆಂದರೆ ತೇಲುವ ಕಸ ಹಡಗಿನ ಜಾಡನ್ನು ವೈರಿಗೆ ತೋರಿಸಿಕೊಡುತ್ತದೆ. ಅಡುಗೆ ಕೋಣೆಯ ಕಸವನ್ನೆಲ್ಲ ಚೀಲಕ್ಕೆ ತುಂಬಿ, ಕಬ್ಬಿಣದ ತುಂಡು ಕಟ್ಟಿ, ಕತ್ತಲಾದ ಮೇಲೆ ಮುಳುಗಿಸಬೇಕು. ಡಿಸೆಂಬರಿನಲ್ಲಿ ಪಡುವಣ ಕಡಲಲ್ಲಿ ಮುಳುಗಿಹೋದ ಹಡಗಿನ ಅಡುಗೆಯವರಲ್ಲಿ ಒಬ್ಬ ಚಂದಪ್ಪನ ಜೊತೆಗೇ ತರಬೇತಿ ಮುಗಿಸಿದವನು. ಹಾಗಾಗಿ ಆ ನಿಯಮ ಯಾಕಿದೆ ಎಂದು ಚಂದಪ್ಪನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅವನ ಜೇಬಿನಲ್ಲಿ ಒಂದು ವಾರದಿಂದ ಊರಿನ ಕಾಗದವಿತ್ತು. ಬರೆದವಳು ಆರನೆಯ ಇಯತ್ತೆ ಓದುತ್ತಿದ್ದ ಅವನ ತಂಗಿ ಕಸ್ತೂರೆವ್ವ. ಮೇಲಿನ ಅರ್ಧ ಪುಟ ಶೇವಂತೆವ್ವ ಹೇಳಿ ಬರೆಸಿದ್ದು: ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ. ಕೆಳಗಿನರ್ಧ ತಂಗಿ ತಾನೇ ಬರೆದದ್ದು.

"ಅಣ್ಣಾ, ಇನ್ನ ಮುಂದಿಂದು ವೈನಿ ಹೇಳಿದ್ದಲ್ಲ, ನಾನ ಬರಿಯಾಕತ್ತೇನಿ. ಎಳ್ಳಮಾಸಿಗೆ ವೈನಿ ಎರಡ ದಿನ ಒಲಿ ಬಿಟ್ಟು ಎದ್ದಿಲ್ಲ. ಸಜ್ಜಿ ರೊಟ್ಟಿ, ಶೇಂಗಾ ಹೋಳಿಗಿ, ಕಡಬು, ಪುಂಡಿಪಲ್ಯಾ ಎಲ್ಲಾ ಆಕಿನ ಮಾಡಿದ್ಲು. ಬಂಡಿ ಕುಲಕತೈತಿ, ಬಸರಿ ಹೆಣಮಗಳು ಬ್ಯಾಡ ಅಂತ ಅವ್ವ ಆಕಿನ್ನ ಹೊಲಕ್ಕ ಕರಕೊಂಡ ಬರಲಿಲ್ಲ. ನಾವು ಉಂಡು ಬರೂದ್ರಾಗ ವೈನಿ ಎರಡ ಸೇರು ಜ್ವಾಳಾ ಬೀಸಿಟ್ಟಿದ್ಲು. ಈಗ ಆಕಿ ಕಾಲು ಬಾತಾವು. ಕಣ್ಣಮುಂದ ಮಂಜ ಕವದಂಗ ಆಗತೈತಿ ಅಂತಾಳ. ಸೂಲಗಿತ್ತಿ ಲಾಲಬಿ ಬಂದು ನೋಡಿ, ಬಿಜಾಪುರದ ದವಾಖಾನಿಗೆ ಒಯ್ರಿ ಅಂದ್ಲು. ಅಪ್ಪ, ಅವ ಬರಲಿ, ಅವನ ಒಯ್ತಾನ ಅಂದ. ನೀ ಲಗೂನ ಬಾ."

ಎಳ್ಳಮಾಸೆಯ ಹೊತ್ತಿಗೆ ಆ ಸೀಮೆಯ ಜೋಳ ಹೊಡೆ ತುಂಬಿ ನಿಂತಿರುತ್ತದೆ. ಹೊಲ ಬಸುರಾಗಿದೆ, ಅದರ ಬಯಕೆ ತೀರಿಸಬೇಕು ಎಂದು ಮನೆಮಂದಿಯೆಲ್ಲ ಬಂಡಿ ಕಟ್ಟಿಕೊಂಡು ಹೋಗಿ, ಮಾಡಿದ ಅಡುಗೆಯನ್ನೆಲ್ಲ ಕಲಸಿ, ಹೊಲದ ಸುತ್ತ ತಿರುಗಿ ಚೆಲ್ಲುತ್ತಾರೆ. ಅದೇ ಚರಗ. ಚಂದಪ್ಪ ಹುಟ್ಟಿದಾಗಿನಿಂದ ಕಂಡದ್ದು. ಆದರೆ ಈ ಸಲ ಕಾಗದ ಓದಿದ ಮೇಲೆ ಅವನಿಗೆ ಒಂದು ಮುಳ್ಳು ಚುಚ್ಚಿದ ಹಾಗಾಗಿತ್ತು. ಮಣ್ಣಿನ ಬಯಕೆಗೆ ಅಷ್ಟೆಲ್ಲ ಬೇಯಿಸಿ ಕೊಟ್ಟವಳ ಬಯಕೆ ಏನೆಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ತಾನೂ ಕೇಳಿರಲಿಲ್ಲ.

ಅವನು ರಜೆಗೆ ಬರೆದುಕೊಟ್ಟ. ಹಡಗು ಇಪ್ಪತ್ತೆಂಟಕ್ಕೆ ವಿಶಾಖಪಟ್ಟಣ ಮುಟ್ಟುವುದಿತ್ತು. ಅಲ್ಲಿಂದ ಊರಿಗೆ ಮೂರು ದಿನದ ದಾರಿ. ಇಪ್ಪತ್ತಾರರ ಬೆಳಿಗ್ಗೆ ರಜೆಯ ಪಟ್ಟಿ ಅಂಟಿಸಿದಾಗ ಅವನ ಹೆಸರು ನಾಲ್ಕನೆಯದಾಗಿತ್ತು.

ಎಂಟು ಗಂಟೆಗೆ ಎಲ್ಲರೂ ಬಿಳಿ ಉಡುಪು ತೊಟ್ಟು ಹಿಂಬದಿಯ ಡೆಕ್ಕಿನ ಮೇಲೆ ಸಾಲಾಗಿ ನಿಂತರು. ರಾಷ್ಟ್ರಗೀತೆಯಾಯಿತು. ಕ್ಯಾಪ್ಟನ್ ಸಾಹೇಬರು ನಾಲ್ಕು ಮಾತಾಡಿದರು. ಸತ್ತವರಿಗೆಂದು ಎರಡು ನಿಮಿಷ ಮೌನ. ಗಾಳಿಗೆ ಬಾವುಟ ಪಟಪಟ ಬಡಿಯುತ್ತಿತ್ತು. ಚಂದಪ್ಪ ಮುಳುಗಿದ ಹಡಗಿನಲ್ಲಿದ್ದ ಆ ಜೊತೆಗಾರನ ಮುಖ ನೆನಪಿಸಿಕೊಳ್ಳಲು ನೋಡಿದ. ಅವನ ಮುಖ ಬರಲಿಲ್ಲ, ಹಿಟ್ಟು ಮೆತ್ತಿದ ಕೈ ಮಾತ್ರ ಬಂತು.

ಆಮೇಲೆ ಅಡುಗೆ ಕೋಣೆ. ಅಂದು ಹಬ್ಬದೂಟ: ಪೂರಿ, ಪಲ್ಯ, ಪುಲಾವು, ಶ್ಯಾವಿಗೆ ಪಾಯಸ. ಎರಡು ತಿಂಗಳಿಂದ ಬೇಳೆ ಅನ್ನ ಬಿಟ್ಟರೆ ಬೇರೆ ಬೇಯಿಸಿರಲಿಲ್ಲ. ಇಂಜಿನ್ ಕೋಣೆಯ ಶಮಶುದ್ದೀನ ಬಾಗಿಲಲ್ಲಿ ಇಣುಕಿದ. ಅವನು ಬಿಜಾಪುರದ ಕಡೆಯ ಇಂಡಿ ಊರಿನವನು. ಅಷ್ಟು ದೊಡ್ಡ ಹಡಗಿನಲ್ಲಿ ಚಂದಪ್ಪನ ಮಾತು ತಿಳಿಯುವವನು ಅವನೊಬ್ಬನೇ.

"ದಿಲ್ಲ್ಯಾಗ ಟ್ಯಾಂಕ್ ಹೊಂಟಾವಂತ, ರೇಡಿಯೋದಾಗ ಹೇಳಾಕತ್ತಾರ. ಇಲ್ಲಿ ನಿನ್ನ ಪೂರಿ ಹೊಂಟಾವು ನೋಡು, ಸಾಲಿಗೆ ಸಾಲು."

"ಮುಟ್ಟಬ್ಯಾಡ. ಇನ್ನೂ ಎಡೀ ಹಿಡದಿಲ್ಲ."

"ಯಾರಿಗೋ ಎಡಿ? ಕ್ಯಾಪ್ಟನ್ನಗೇನ?"

ಚಂದಪ್ಪ ಅವನತ್ತ ಬೆನ್ನು ತಿರುಗಿಸಿದ. ಒಂದು ಅಲ್ಯೂಮಿನಿಯಂ ಬೋಗುಣಿಯಲ್ಲಿ ಪೂರಿ ಮುರಿದು ಹಾಕಿ, ಅದರ ಮೇಲೆ ಪಲ್ಯ, ಅನ್ನ, ಪಾಯಸ ಸುರಿದು ಕಲಸುತ್ತಿದ್ದ. ಶಮಶುದ್ದೀನ ನೋಡಿದ, ತಿಳಿದುಕೊಂಡ, ನಗು ನಿಲ್ಲಿಸಿದ.

"ಚಂದ್ಯಾ, ಇದು ನಿಮ್ಮಪ್ಪನ ಹೊಲ ಅಲ್ಲೋ."

"ಆಕಿ ಬಯಕಿ ಯಾರೂ ತೀರಿಸಿಲ್ಲ. ಮನಸಿಗೆ ಸಮಾಧಾನ ಇಲ್ಲ."

"ನಾಡದ ಊರಿಗಿ ಹೊಂಟೀದಿ, ಹೋಗಿ ಆಕಿ ಕೈಯಾಗ ಕೊಡು. ನಮ್ಮಪ್ಪನೂ ಚರಗ ಚೆಲ್ತಾನ, ಆದ್ರ ಹೊಲದಾಗ ಚೆಲ್ತಾನ."

"ಒಂದ ಹಿಡಿ ಅಷ್ಟ. ನೀ ನಡಿ."

ಒಂದು ಹಿಡಿಗೆ ನಿಲ್ಲಲಿಲ್ಲ. ಚರಗವೆಂದರೆ ಸುತ್ತು ಮುಗಿಸಬೇಕು. ಎಲ್ಲರೂ ರೇಡಿಯೋದ ಸುತ್ತ ನೆರೆದಿದ್ದಾಗ ಚಂದಪ್ಪ ಬೋಗುಣಿ ಹಿಡಿದು ಹಡಗಿನ ಅಂಚಿಗುಂಟ ನಡೆದ. ಹೊಲದಲ್ಲಿ ಕೂಗುವ ಕೂಗನ್ನು ಬಾಯೊಳಗೇ ಕೂಗುತ್ತ, ಹತ್ತು ಹೆಜ್ಜೆಗೊಂದು ಹಿಡಿ ಚೆಲ್ಲಿದ. ಎಡಬದಿ ಮುಗಿಯಿತು. ಬಲಬದಿಯಲ್ಲಿ ಅರ್ಧ ಬಂದಿದ್ದ. ಎಲ್ಲಿದ್ದವೋ ಏನೋ, ಬಿಳಿ ಹಕ್ಕಿಗಳ ಹಿಂಡು ಬಂದು ಹಡಗಿನ ಹಿಂದೆ ಕಿರುಚುತ್ತ ನೀರಿಗೆರಗಿತು. ಎಣ್ಣೆಯಲ್ಲಿ ಉಬ್ಬಿದ ಪೂರಿ ಮುಳುಗಲಿಲ್ಲ. ಮೇಲೆ ದುರ್ಬೀನು ಹಿಡಿದು ನಿಂತಿದ್ದ ಕಾವಲಿನವನು ನೀರಿನಲ್ಲಿ ಏನೋ ತೇಲುತ್ತಿದೆ ಎಂದು ಕೂಗಿದ. ಹಡಗು ಒಮ್ಮೆಗೇ ವಾಲಿ ದಿಕ್ಕು ಬದಲಿಸಿತು. ರೇಡಿಯೋ ನಿಂತಿತು.

ಹನ್ನೆರಡು ಗಂಟೆಗೆ ಅವನ ಟೋಪಿ ತೆಗೆಸಿ ಕ್ಯಾಪ್ಟನ್ನರ ಮುಂದೆ ನಿಲ್ಲಿಸಿದರು. ನಾಲ್ವರು ಅಧಿಕಾರಿಗಳಿದ್ದರು. ಮಾತೆಲ್ಲ ಹಿಂದಿಯಲ್ಲಿ ನಡೆಯಿತು.

"ಏನು ಎಸೆದೆ?"

"ಊಟ, ಸಾಬ್."

"ಯಾರಿಗೆ?"

"ಭೂಮಿಗೆ, ಸಾಬ್."

ಕ್ಯಾಪ್ಟನ್ನರು ಕಿಟಕಿಯಾಚೆ ನೋಡಿದರು. ಭೂಮಿ ಎಲ್ಲೂ ಇರಲಿಲ್ಲ. ಚಂದಪ್ಪ ತನಗೆ ಬಂದ ಹಿಂದಿಯಲ್ಲಿ ಹೊಲ, ಜೋಳ, ಬಸುರು, ಬಯಕೆ ಎಲ್ಲವನ್ನೂ ವಿವರಿಸಿದ. ಸಾಹೇಬರು ಕೊನೆಯತನಕ ಕೇಳಿದರು. ಕೆಟ್ಟ ಮನುಷ್ಯನಲ್ಲ. ನೂರ ಎಂಬತ್ತು ಜೀವಗಳಿರುವ ಜಾಗವನ್ನು ಹಕ್ಕಿಗಳಿಂದ ವೈರಿಗೆ ತೋರಿಸಿಕೊಟ್ಟೆಯಲ್ಲ ಎಂದಷ್ಟೇ ಅಂದರು. ಮುಂದಿದ್ದ ರಜೆಯ ಅರ್ಜಿಯ ಮೇಲೆ ಬೆರಳಿಟ್ಟರು. ಅದರಲ್ಲಿ ಕಾರಣ 'ಮನೆಯ ಕೆಲಸ' ಎಂದಿತ್ತು.

"ಮನೆಯಲ್ಲಿ ಏನಾದರೂ ತೊಂದರೆ ಇದೆಯೇನು? ಇದ್ದರೆ ಈಗಲೇ ಹೇಳು."

ಚಂದಪ್ಪನ ಕಿವಿ ಬಿಸಿಯಾದವು. ಜೇಬಿನಲ್ಲಿ ಕಾಗದವಿತ್ತು.

"ಏನಿಲ್ಲ, ಸಾಬ್."

ಮೂವತ್ತು ದಿನ ರಜೆ ರದ್ದು. ಶಿಕ್ಷೆ ಕೇಳಿಸಿಕೊಂಡು ಬಂದು ಅವನೇ ಹಬ್ಬದೂಟ ಬಡಿಸಿದ. ಪಾಯಸ ಚೆನ್ನಾಗಿದೆಯೆಂದು ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು.

"ಹೇಳಿದ್ಯಾ?" ಶಮಶುದ್ದೀನ ತಾಟು ಹಿಡಿದು ಕೇಳಿದ.

"ಹೆಂಗ ಹೇಳ್ಲಿ? ಅಷ್ಟ ಮಂದಿ ದೊಡ್ಡ ಸಾಹೇಬ್ರ ಮುಂದ ಮನ್ಯಾಗಿನ ಹೆಣಮಗಳ ಬಸರು, ಕಾಲು ಅಂತ…"

"ಹೊಲದ ಬಸರು ಹೇಳಾಕ ಬಂತಿಲ್ಲೋ ನಿನಗ." ಶಮಶುದ್ದೀನ ಪಾಯಸ ಹಾಕಿಸಿಕೊಳ್ಳದೆ ಹೋದ.

ವಿಶಾಖಪಟ್ಟಣದಲ್ಲಿ ಇಳಿದ ದಿನವೇ ಚಂದಪ್ಪ ತಾರು ಕೊಟ್ಟ: ನಾನು ಬರುವುದಿಲ್ಲ, ದವಾಖಾನೆಗೆ ಒಯ್ಯಿರಿ. ತಾರು ಮುಟ್ಟಿತು. ಸಾಲಿ ಮಾಸ್ತರರು ಓದಿ ಹೇಳಿದರು. ಆದರೆ ಬಿಜಾಪುರಕ್ಕೆ ಒಯ್ಯಲು ಒಬ್ಬ ಗಂಡಸು ಜೊತೆಗೆ ಬೇಕಲ್ಲ. ಚಂದಪ್ಪನ ಅಪ್ಪ, ಅಣ್ಣ ಇಬ್ಬರೂ ತೊಗರಿ ಒಕ್ಕುವ ರಾಶಿಯಲ್ಲಿದ್ದರು. ಇನ್ನು ನಾಲ್ಕು ದಿನ, ರಾಶಿ ಮುಗಿಯಲಿ ಅಂದರು. ರಾಶಿಗೆ ಬಂದ ಆಳುಗಳಿಗೆ ಬುತ್ತಿ ಕಟ್ಟುವವಳು ಶೇವಂತೆವ್ವನೇ. ಮೂರನೆಯ ದಿನ ರೊಟ್ಟಿ ಬಡಿಯುತ್ತಿದ್ದಾಗಲೇ ಅವಳಿಗೆ ಸೆಟೆ ಬಂತು, ಮೈಯೆಲ್ಲ ಅದುರಿ ಹಲ್ಲು ಕಚ್ಚಿತು. ಲಾಲಬಿ ಹಗಲಿಡೀ ಹೆಣಗಿ ತಾಯಿಯನ್ನು ಉಳಿಸಿದಳು. ಕೂಸು ಸತ್ತೇ ಹುಟ್ಟಿತು. ಗಂಡು ಎಂದು ಕಸ್ತೂರೆವ್ವ ಮುಂದಿನ ಕಾಗದದಲ್ಲಿ ಬರೆದಿದ್ದಳು. ಅದರ ಮುಂದೆ ಏನೋ ಬರೆದು ಹೊಡೆದುಹಾಕಿದ್ದಳು.

ಚಂದಪ್ಪ ಊರು ಮುಟ್ಟಿದ್ದು ಮಾರ್ಚಿನ ಮೊದಲ ವಾರ. ಸಿಂದಗಿಯಿಂದ ಬಂದ ಬಸ್ಸು ಇಳಿದಾಗ ಊರವರು ಕೈ ಹಿಡಿದು, ಲಡಾಯಿ ಗೆದ್ದು ಬಂದಿ ಎಂದರು. ಅವ್ವ ನೀರು ಕೊಟ್ಟು ಕಟ್ಟೆಯ ಮೇಲೆ ಚಾಪೆ ಹಾಸಿದಳು. ಅವನು ಕೂಡದೆ ನೇರ ಅಡುಗೆಮನೆಯ ಹೊಸ್ತಿಲು ದಾಟಿದ.

ಶೇವಂತೆವ್ವ ಕೊಣಮಿಗೆಯಲ್ಲಿ ಹಿಟ್ಟು ನಾದುತ್ತಿದ್ದಳು. ಮುಖ ಬಾಗಿಲ ಕಡೆ ತಿರುಗಿತು, ನೋಟ ಅವನ ಪಕ್ಕದ ಗೋಡೆಯ ಮೇಲೆ ನಿಂತಿತು. ಸೆಟೆ ಬಂದ ದಿನದಿಂದ ಅವಳ ಕಣ್ಣು ಪೂರ್ತಿ ತಿಳಿಯಾಗಿರಲಿಲ್ಲ.

ಅವನು ನಿಂತೇ ಎಲ್ಲವನ್ನೂ ಹೇಳಿದ. ಬೋಗುಣಿ, ಹಕ್ಕಿ, ಸಾಹೇಬರ ಪ್ರಶ್ನೆ. ಮುಚ್ಚಿಡಲಿಲ್ಲ.

"ಕೇಳಿದ್ರಾ ಅವ್ರು? ಮನ್ಯಾಗ ತೊಂದ್ರಿ ಐತೇನಂತ?"

"ಕೇಳಿದ್ರು."

"ನನ್ನ ಕಾಲ ಬಾತಾವಂತ ಒಂದ ಮಾತ ಅನ್ನಬೇಕಿತ್ರಿ."

"ನಾಚಿಕಿ ಬಂತು."

ಅವಳು ಹಿಟ್ಟಿನ ಮೇಲೆ ಕೈ ಊರಿದಳು. ಹೊರಗಿನಿಂದ ಅವ್ವ, "ಚಂದ್ಯಾ, ಹೊರಗ ಬಾರೋ, ಮಂದಿ ಬಂದಾರ" ಎಂದು ಕರೆದಳು. ಚಂದಪ್ಪ ಹೋಗಲಿಲ್ಲ. ಕುಕ್ಕುರುಗಾಲಲ್ಲಿ ಕೂತು ಒಂದು ಉಂಡೆ ಹಿಟ್ಟು ತೆಗೆದುಕೊಂಡು ಬಡಿಯತೊಡಗಿದ. ಎಂಟು ವರ್ಷ ಗೋದಿ ಹಿಟ್ಟು ಲಟ್ಟಿಸಿದ ಕೈ. ಜೋಳದ ರೊಟ್ಟಿ ನಡುವೆ ಬಿರಿದು ಎರಡಾಯಿತು. ಶೇವಂತೆವ್ವ ಕೈಯಿಂದ ತಡವಿ ನೋಡಿದಳು, ತುಂಡುಗಳನ್ನು ಬಳಿದು ಮತ್ತೆ ಉಂಡೆ ಮಾಡಿದಳು.

"ಸರೀರಿ ಆಕಡೆ. ಬೆಳಕಿಗೆ ಅಡ್ಡ ಕುಂತೀರಿ. ನನಗ ಮೊದಲ ಕಾಣವಲ್ದು."

ಅವನು ಸರಿದು ಕೂತ. ಅವಳು ರೊಟ್ಟಿ ಬಡಿದು ಹಂಚಿಗೆ ಹಾಕಿದಳು.